ಬಡಾವಣೆಗೆ ಕಚ್ಚಾ ಹೊಲಿಗೆ

ನಮ್ಮ ಭಾವ ಯಾವುದನ್ನೂ ಹಾಕಿ ನೋಡದೆ ಕೊಂಡವರಲ್ಲ. ಚಪ್ಪಲಿ ಅಂಗಡಿಗೆ ಹೋದರೆ ಹೊಸ ಜೋಡಿ ಮೆಟ್ಟಿಕೊಂಡು ಅರ್ಧ ಗಂಟೆ ಅಂಗಡಿಯೊಳಗೇ ಅಡ್ಡಾಡುತ್ತಾರೆ. ಕುರ್ಚಿ ಕೊಳ್ಳಲು ಹೋದರೆ ಅದರಲ್ಲಿ ಕೂತು ಇಡೀ ಪೇಪರ್ ಓದಿ ಮುಗಿಸಿ, ಒಂದು ಸಣ್ಣ ನಿದ್ದೆಯನ್ನೂ ತೆಗೆದು, ಎದ್ದು ಮೈ ಮುರಿದು "ಬೇಡ" ಅನ್ನುತ್ತಾರೆ. ಮದುವೆಯ ಮಾತುಕತೆ ನಡೆಯುತ್ತಿದ್ದಾಗ ಒಂದು ಭಾನುವಾರ ಬೆಳಿಗ್ಗೆಯಿಂದ ಸಂಜೆಯವರೆಗೆ ನಮ್ಮ ಮನೆಯಲ್ಲಿ ಅಳಿಯನ ಹಾಗೆ ಕೂತು ನೋಡಿ, ಹೊರಡುವಾಗ ನಮ್ಮಪ್ಪನಿಗೆ, "ಹೊಂದುತ್ತೆ ಅನ್ಸುತ್ತೆ. ಭುಜದ ಹತ್ತಿರ ಸ್ವಲ್ಪ ಬಿಗಿ" ಎಂದು ಹೇಳಿ ಹೋದವರು. ಭುಜ ಅಂದರೆ ಯಾರು ಎಂದು ಅಪ್ಪ ಬಹಳ ದಿನ ಯೋಚಿಸಿದರು. ನಾನೇ ಇರಬೇಕು ಎಂದು ನನ್ನ ಅನುಮಾನ.

ತಪ್ಪು ಅವರದಲ್ಲ, ಕಸುಬಿನದು. ಇಪ್ಪತ್ತೆಂಟು ವರ್ಷದಿಂದ ದೊಡ್ಡ ಬಟ್ಟೆ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಕೂತು ಕೋಟು ಹೊಲಿಯುವವರು. ಮೊದಲು ಉದ್ದುದ್ದ ಬಿಳಿ ದಾರದ ಕಚ್ಚಾ ಹೊಲಿಗೆ ಹಾಕಿ, ಅದನ್ನು ಗಿರಾಕಿಗೆ ತೊಡಿಸಿ, ಕೈ ಎತ್ತಿಸಿ, ಬಗ್ಗಿಸಿ, ಕೂರಿಸಿ ನೋಡಿ, ಆಮೇಲೆ ಮಾತ್ರ ಮಿಷನ್ನಿನ ಹೊಲಿಗೆ. "ಕಚ್ಚಾ ಹಾಕದೆ ಪಕ್ಕಾ ಹಾಕಬಾರದು" ಎಂಬುದು ಅವರು ಬದುಕಿನಲ್ಲಿ ಕಲಿತ ಏಕೈಕ ತತ್ವ. ಒಂದೇ ಆದ್ದರಿಂದ ಎಲ್ಲದಕ್ಕೂ ಅದನ್ನೇ ಬಳಸುತ್ತಿದ್ದರು.

ಇಂಥವರು ಮನೆ ಕೊಳ್ಳಬೇಕಾಗಿ ಬಂತು. ಬಾಡಿಗೆ ಮನೆಯ ಮಾಲೀಕರು ತಮ್ಮ ಅಳಿಯನ ಹಲ್ಲಿನ ಆಸ್ಪತ್ರೆಗೆ ಜಾಗ ಬೇಕೆಂದು, ಎರಡು ತಿಂಗಳಲ್ಲಿ ಖಾಲಿ ಮಾಡಿ ಎಂದರು. ಮೊದಲ ತಿಂಗಳಲ್ಲಿ ಭಾವ ಹದಿನೇಳು ಮನೆ ನೋಡಿ ಹದಿನೇಳನ್ನೂ ಬೇಡವೆಂದರು. ನಮ್ಮಕ್ಕ ಆಸ್ಪತ್ರೆಯೊಂದರ ಫೋನ್ ಕೌಂಟರಿನಲ್ಲಿ ಕೆಲಸ ಮಾಡುವವಳು. ಎಷ್ಟು ದೊಡ್ಡ ವಿಷಯವನ್ನೂ ಮೂರು ಮಾತಿನಲ್ಲಿ ಮುಗಿಸಿ ಲೈನ್ ಕಟ್ ಮಾಡುವುದು ಅವಳ ಅಭ್ಯಾಸ.

"ಇನ್ನೊಂದು ತಿಂಗಳಿದೆ. ಅಷ್ಟರೊಳಗೆ ಮನೆ ಆಗದಿದ್ರೆ ನಾನು ತಮ್ಮನ ಮನೆಗೆ. ನೀವು ನಿಮ್ಮ ಅಂಗಡಿಯ ಟ್ರಯಲ್ ರೂಮಿಗೆ" ಎಂದಳು.

ತಮ್ಮ ಅಂದರೆ ನಾನು. ಬಸ್ ಡಿಪೋದಲ್ಲಿ ಟೈಮ್‌ಟೇಬಲ್ ಬರೆಯುವ ಗುಮಾಸ್ತ. ನನ್ನ ಮನೆಯಲ್ಲಿರುವುದು ಒಂದೂವರೆ ಕೋಣೆ, ಆ ಅರ್ಧದಲ್ಲಿ ಸೈಕಲ್ ಇದೆ. ಆದ್ದರಿಂದ ಭಾವನಿಗೆ ಮನೆ ಸಿಗಲೇಬೇಕು ಎಂದು ನನಗಿದ್ದ ಕಾಳಜಿ ಬರೀ ಪ್ರೀತಿಯದಲ್ಲ.

ಹದಿನೆಂಟನೆಯದು ನೀಲಿ ಗೇಟಿನ ಮನೆ. ನಗರದಂಚಿನ ಹೊಸ ಬಡಾವಣೆ, ನಾಲ್ಕು ಅಡ್ಡರಸ್ತೆ, ಮಧ್ಯೆ ಒಂದು ಪುಟ್ಟ ಪಾರ್ಕು. ಮನೆಯೊಡತಿ ಒಬ್ಬ ನಿವೃತ್ತ ಟೀಚರ್, ತಂಗಿಯ ಜೊತೆ ಇರಲು ಹೊರಟಿದ್ದರು. ಅವತ್ತು ಅವರು ಊರಲ್ಲಿರಲಿಲ್ಲ. ಬ್ರೋಕರ್ ಬೀಗ ತೆಗೆದು ತೋರಿಸಿದ. ಮುಂದಿನ ಕೋಣೆಯ ಕಿಟಕಿಯಿಂದ ಬೆಳಕು ನೇರ ನೆಲಕ್ಕೆ ಬೀಳುತ್ತಿತ್ತು. ಅಕ್ಕ ಅಲ್ಲಿ ನಿಂತು, "ಇಲ್ಲಿ ನಿಮ್ಮ ಮಿಷನ್. ಅಲ್ಲಿ ಕತ್ತರಿಸೋ ಮೇಜು. ಇದೇ ಮನೆ" ಎಂದಳು. ಮೂರು ಮಾತು ಮುಗಿದವು.

"ಮನೆ ಸರಿ. ಬಡಾವಣೆ?" ಎಂದರು ಭಾವ.

"ಬಡಾವಣೆಗೇನಾಗಿದೆ?"

"ಮನೆ ಅಂದ್ರೆ ಗುಂಡಿ ಇದ್ದ ಹಾಗೆ, ಬೇಕಾದ್ರೆ ಬದಲಾಯಿಸ್ಬಹುದು. ಬಡಾವಣೆ ಬಟ್ಟೆ. ಒಂದ್ಸಲ ಮೈಮೇಲೆ ಬಿತ್ತು ಅಂದ್ರೆ ಬಿತ್ತು. ಕೊಳ್ಳೋಕೆ ಬಂದೋರಿಗೆ ಎಲ್ಲಾ ಬೀದಿನೂ ಹಲ್ಲು ಬಿಡುತ್ತೆ. ಇಲ್ಲೇ ಇರೋರನ್ನ ಹೇಗೆ ನೋಡುತ್ತೆ ಅಂತ ತಿಳೀಬೇಕು."

ಹೀಗೆ ಭಾವ ಆ ಬಡಾವಣೆಗೆ ಕಚ್ಚಾ ಹೊಲಿಗೆ ಹಾಕಲು ಹೊರಟರು. ಯೋಜನೆ ಸರಳ. ದಿನಾ ಸಂಜೆ ಅಂಗಡಿ ಬಿಟ್ಟೊಡನೆ ಆರೂಕಾಲರ ಬಸ್ಸು ಹಿಡಿದು ಅಲ್ಲಿ ಇಳಿಯುವುದು. ಅಲ್ಲೇ ಮನೆಯಿರುವವರ ಹಾಗೆ ತರಕಾರಿ ಚೀಲ ಹಿಡಿದು, ದಣಿದ ಮುಖ ಮಾಡಿಕೊಂಡು ನಡೆಯುವುದು. ಪಾರ್ಕಿನಲ್ಲಿ ಕೂರುವುದು, ಅಂಗಡಿಯಲ್ಲಿ ಚೌಕಾಸಿ ಮಾಡುವುದು, ಕ್ಷೌರ ಮಾಡಿಸಿಕೊಳ್ಳುವುದು. ಎಂಟರ ಬಸ್ಸಿಗೆ ಸದ್ದಿಲ್ಲದೆ ವಾಪಸ್ಸು. ಕೊಳ್ಳಲು ಬಂದವನೆಂದು ಯಾರಿಗೂ ತಿಳಿಯಬಾರದು. ಗಂಡನ ಮೇಲೆ ಒಂದು ಕಣ್ಣಿಡು ಎಂದು ಅಕ್ಕ ನನ್ನನ್ನೂ ಜೊತೆಗೆ ಅಟ್ಟಿದಳು. ಚೀಲ ಹೊರುವ ಕೆಲಸ ನನ್ನದಾಯಿತು.

ಮೂರನೇ ದಿನ ಕಿರಾಣಿ ಅಂಗಡಿಯವನು ಕೇಳಿಯೇಬಿಟ್ಟ. "ಯಾವ ಮನೆ ಸಾರ್?"

ಭಾವನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಆದ್ದರಿಂದ ಕೈಯನ್ನು ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿ, "ಅಲ್ಲೇ... ಹಿಂದೆ" ಎಂದರು.

ಆ ಕೈ ತಿರುಗಿಸುವಿಕೆ ಅದ್ಭುತವಾಗಿ ಕೆಲಸ ಮಾಡಿತು. ಒಂದನೇ ಅಡ್ಡರಸ್ತೆಯವರು ಅವರನ್ನು ಎರಡನೆಯವರೆಂದುಕೊಂಡರು. ಎರಡನೆಯವರು ಮೂರನೆಯವರೆಂದರು. ಮೂರನೆಯವರು ನಾಲ್ಕನೆಯವರೆಂದರು. ನಾಲ್ಕರ ಹಿಂದೆ ಇದ್ದದ್ದು ನೀರಿನ ಟ್ಯಾಂಕು ಮಾತ್ರ. ಅಲ್ಲಿಯವರು ಟ್ಯಾಂಕಿನ ಕಡೆ ನೋಡಿ, "ಪಾಪ, ಅಲ್ಲಿ ಹೇಗಿರ್ತಾರೋ" ಎಂದು ಸುಮ್ಮನಾದರು.

ಭಾವನಿಗೆ ಕೈ ಸುಮ್ಮನಿಟ್ಟುಕೊಂಡು ಕೂರಲು ಬರುವುದಿಲ್ಲ. ಪಾರ್ಕಿನಲ್ಲಿ ಮಕ್ಕಳ ಶಟಲ್ ನೆಟ್ ಹರಿದಿತ್ತು, ಕೂತಲ್ಲೇ ಹೊಲಿದರು. ಹೂವಿನಂಗಡಿಯ ಟಾರ್ಪಾಲಿಗೆ ತೇಪೆ ಹಾಕಿದರು. ವಾರ ಕಳೆಯುವುದರೊಳಗೆ ಇಡೀ ಬಡಾವಣೆಗೆ ಅವರು 'ಟೇಲರ್ ಸಾರ್' ಆದರು. ಕ್ಷೌರದಂಗಡಿಯವನಂತೂ ಬಡಾವಣೆಯ ಸಮಾಚಾರವನ್ನೆಲ್ಲ ಅವರ ಕಿವಿಗೆ ಸುರಿಯುತ್ತಿದ್ದ. ಆ ಸಮಾಚಾರದ ಆಸೆಗೆ ಭಾವ ಮೂರು ವಾರದಲ್ಲಿ ನಾಲ್ಕು ಸಲ ಕ್ಷೌರ ಮಾಡಿಸಿಕೊಂಡರು. ನಾಲ್ಕನೇ ಸಲ ಅವನು ಕತ್ತರಿ ಹಿಡಿದು ಏನು ಮಾಡಿದನೋ ದೇವರೇ ಬಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಟ್ರಯಲ್ ಅಂದಮೇಲೆ ಅಳತೆ ಬೇಡವೇ? ಎಂಟು ದಿನವಾದ ಮೇಲೆ ಅಂಗಡಿಯ ಅಳತೆ ಪುಸ್ತಕ ತೆಗೆದು ಹೊಸ ಪುಟದಲ್ಲಿ ಬಡಾವಣೆಯ ಅಳತೆ ಬರೆಯಲು ಶುರು ಮಾಡಿದರು.

ಕುತ್ತಿಗೆ: ಮುಖ್ಯರಸ್ತೆಯಿಂದ ಒಳಬರುವ ಬಾಯಿ. ಬಿಗಿ. ಎರಡು ಸ್ಕೂಟರ್ ಎದುರಾದರೆ ಒಂದು ಉಸಿರು ಹಿಡಿಯಬೇಕು. ಭುಜ: ಪಾರ್ಕಿನ ಮುಂದಿನ ರಸ್ತೆ. ಚೆನ್ನಾಗಿ ಕೂತಿದೆ. ಸೊಂಟ: ಎರಡನೇ ಅಡ್ಡರಸ್ತೆ. ಸಂಜೆ ಹೊತ್ತು ಎಲ್ಲರೂ ಗೇಟಿನ ಮುಂದೆ ನಿಂತು ಮಾತಾಡುವುದರಿಂದ ಅರ್ಧ ಅಡಿ ಕಮ್ಮಿ. ಜೇಬು: ಕಿರಾಣಿ, ಔಷಧಿ, ಕ್ಷೌರ. ಕೈ ಹಾಕಿದರೆ ಸಿಗುತ್ತವೆ.

"ಹೆಜ್ಜೆಯಲ್ಲಿ ಅಳೆದ್ರೆ ಸಾಕಲ್ವಾ ಭಾವ?" ಎಂದೆ.

"ಹೊಟ್ಟೆ ಹಸಿದಾಗ ಹೆಜ್ಜೆ ಉದ್ದ ಆಗುತ್ತೆ. ಟೇಪು ಹಾಗಲ್ಲ."

ಹಾಗಾಗಿ ನಾಲ್ಕು ದಿನಕ್ಕೊಮ್ಮೆ ಬೆಳಿಗ್ಗೆ ಐದೂವರೆಗೆ, ಬೀದಿ ಏಳುವ ಮುಂಚೆ ನಾವಿಬ್ಬರೂ ಹೋಗುತ್ತಿದ್ದೆವು. ಅತಿಯಾದ ಕ್ಷೌರದಿಂದ ಭಾವನ ತಲೆಗೆ ಶೀತವಾಗಿತ್ತು. ಉಣ್ಣೆಯ ಟೋಪಿ ಕಿವಿಯವರೆಗೆ ಎಳೆದು, ಮಫ್ಲರ್ ಮೂಗಿನವರೆಗೆ ಸುತ್ತಿದರೆ ಎರಡು ಕಣ್ಣು ಮಾತ್ರ ಉಳಿಯುತ್ತಿದ್ದವು. ಬಗ್ಗಿ ಬಗ್ಗಿ ಟೇಪು ಹಾಸುತ್ತಾ, ಲೆಕ್ಕ ತಪ್ಪದಿರಲೆಂದು ಅಲ್ಲಲ್ಲಿ ಗೇಟಿನ ಕಂಬಕ್ಕೆ ಬಟ್ಟೆಗೆ ಗುರುತು ಹಾಕುವ ಬಣ್ಣದ ಸೀಮೆಸುಣ್ಣದಿಂದ ಒಂದೊಂದು ಗೆರೆ ಎಳೆಯುತ್ತಿದ್ದರು. ಒಂದನೇ ಅಡ್ಡರಸ್ತೆಗೆ ನೀಲಿ, ಎರಡನೆಯದಕ್ಕೆ ಗುಲಾಬಿ. ಹಾಲು ತರಲು ಬಂದವರು ದೂರದಿಂದ ಕಂಡರೆ ನಾವು ಪಾರ್ಕಿನ ಗಿಡದ ಹಿಂದೆ.

ಮೂರನೇ ವಾರದ ಕೊನೆಗೆ ಭಾವನನ್ನು ಬಡಾವಣೆಯ ಸಂಘದ ಸಭೆಗೆ ಕರೆದರು. ಸಂಘದ ಕಾರ್ಯದರ್ಶಿ ಒಬ್ಬ ನಿವೃತ್ತ ಸ್ಟೇಷನ್ ಮಾಸ್ಟರ್. ಕೆಲಸ ಬಿಟ್ಟರೂ ಸೀಟಿ ಬಿಟ್ಟಿರಲಿಲ್ಲ. ಅದು ಕುತ್ತಿಗೆಯಲ್ಲಿ ನೇತಾಡುತ್ತಿತ್ತು. ಸಭೆ ಸರಿಯಾಗಿ ಏಳಕ್ಕೆ ಹೊರಟಿತು.

"ಮಹನೀಯರೇ, ವಿಷಯ ಗಂಭೀರ. ನಮ್ಮ ಬೀದಿಗಳಲ್ಲಿ ಬೆಳಗಿನ ಜಾವ ಮುಖ ಮುಚ್ಚಿಕೊಂಡ ಒಬ್ಬ ಓಡಾಡ್ತಿದಾನೆ. ಕೈಯಲ್ಲಿ ಟೇಪು. ಗೇಟುಗಳ ಮೇಲೆ ಗುರುತು ಹಾಕ್ತಿದಾನೆ."

"ರಸ್ತೆ ಅಗಲ ಮಾಡ್ತಾರಂತೆ ಸಾರ್! ನೀಲಿ ಅಂದ್ರೆ ಕಾಂಪೌಂಡ್ ಹೋಗುತ್ತೆ. ಗುಲಾಬಿ ಅಂದ್ರೆ ಅರ್ಧ ಮನೆ ಹೋಗುತ್ತೆ" ಎಂದ ಕ್ಷೌರದವನು.

ಗುಲಾಬಿಯ ಎರಡನೇ ಅಡ್ಡರಸ್ತೆಯಿಂದ ಒಂದು ನಿಟ್ಟುಸಿರು ಎದ್ದಿತು. ನೀಲಿಯ ಒಂದನೆಯವರು ಅವರ ಕಡೆ ಕರುಣೆಯಿಂದ ನೋಡಿದರು. ಗುರುತೇ ಇಲ್ಲದ ನಾಲ್ಕನೆಯವರೊಬ್ಬರು ಎದ್ದು, "ನಮಗ್ಯಾಕೆ ಹಾಕಿಲ್ಲ? ನಾವೇನು ತೆರಿಗೆ ಕಟ್ಟಲ್ವಾ?" ಎಂದರು.

ಭಾವ ಎದ್ದು ನಿಂತರು. ನಿಜ ಹೇಳಲೆಂದೇ ಎದ್ದರು, ಅದಕ್ಕೆ ನಾನು ಸಾಕ್ಷಿ. "ಅದು... ಆ ಟೇಪು..." ಎಂದು ಬಾಯಿ ತೆರೆದರು.

"ಹೌದು! ಟೇಪಿನ ವಿಚಾರ ನಮಗೇನು ಗೊತ್ತು? ಟೇಲರ್ ಸಾರ್ ಜೀವನ ಇಡೀ ಟೇಪಲ್ಲೇ ಕಳೆದೋರು. ಮುಳ್ಳನ್ನ ಮುಳ್ಳಿಂದಾನೇ ತೆಗೀಬೇಕು. ಅವನನ್ನ ಹಿಡಿಯೋ ಸಮಿತಿಗೆ ಇವರೇ ಅಧ್ಯಕ್ಷರು!" ಎಂದು ಸ್ಟೇಷನ್ ಮಾಸ್ಟರ್ ಸೀಟಿ ಊದಿಬಿಟ್ಟರು. ಚಪ್ಪಾಳೆ ಬಿತ್ತು. ಸೀಟಿಯಾದ ಮೇಲೆ ಗಾಡಿ ನಿಲ್ಲಿಸುವುದು ಯಾರಿಂದ ಸಾಧ್ಯ? ಭಾವ ಕೂತರು.

ಅತ್ತ ಅದೇ ಸಂಜೆ, ಇನ್ನು ಕಾದರೆ ಮನೆ ಕೈತಪ್ಪುತ್ತದೆ ಎಂದು ಅಕ್ಕ ಒಬ್ಬಳೇ ಟೀಚರಮ್ಮನನ್ನು ನೋಡಲು ನೀಲಿ ಗೇಟಿಗೆ ಹೋಗಿದ್ದಳು. ಅಲ್ಲಿ ನಡೆದದ್ದನ್ನು ಅವಳು ಆಮೇಲೆ ಹೇಳಿದ್ದು.

"ಮನೆ ಮಾರೋಣ ಅಂತಾನೇ ಇದ್ದೆ ಕಣಮ್ಮ. ಆದ್ರೆ ಆ ಟೇಪಿನವನು ಸಿಗೋವರೆಗೆ ಹೊಸಬರು ಯಾರಿಗೂ ಕೊಡಲ್ಲ. ಅವನ ಕಡೆಯೋರೇ ಕೊಳ್ಳೋಕೆ ಬಂದ್ರೆ ಈ ಬೀದಿಯೋರಿಗೆ ನಾನು ಮುಖ ತೋರಿಸೋದು ಹೇಗೆ?" ಎಂದರಂತೆ ಟೀಚರಮ್ಮ. ಅಷ್ಟರಲ್ಲಿ ಸಭೆ ಮುಗಿಸಿದ ಭಾವ ಎಂಟರ ಬಸ್ಸಿಗೆ ಹೊರಟದ್ದು ಕಿಟಕಿಯಲ್ಲಿ ಕಂಡಿತು. ಟೀಚರಮ್ಮ ಲೊಚಗುಟ್ಟಿದರು. "ಅಲ್ಲಿ ನೋಡು, ಪಾಪ. ದಿನಾ ಸಂಜೆ ಬಂದು ಸುತ್ತಿ ಸುತ್ತಿ ಬಸ್ ಹತ್ತಿ ಹೋಗ್ತಾರೆ. ಮನೆ ಅಂತ ಇಲ್ಲ. ಯಾವ ಮಹರಾಯಿತಿ ಗಂಡನ್ನ ಹೊರಗೆ ಹಾಕಿದಾಳೋ!"

ಮಹರಾಯಿತಿ ಎದ್ದು ಬಂದಳು. ಮನೆಗೆ ಬಂದವಳೇ ಭಾವನ ಅಂಗಿಯ ಜೇಬಿನಿಂದ ಗುಲಾಬಿ ಸೀಮೆಸುಣ್ಣ ತೆಗೆದು ಮೇಜಿನ ಮೇಲಿಟ್ಟಳು.

"ಟೇಪಿನವನು ನೀವು. ಹಿಡಿಯೋರೂ ನೀವು. ಭಾನುವಾರದೊಳಗೆ ಹಿಡಿದು ಕೊಡಿ."

"ಹೇಗೆ ಹಿಡಿಯೋದು?"

ಲೈನ್ ಕಟ್ಟಾಗಿತ್ತು. ಅವಳು ನನ್ನ ಮನೆಯ ಅರ್ಧ ಕೋಣೆಯ ಅಳತೆ ಕೇಳಿದಳು.

ಮರುದಿನ, ಶುಕ್ರವಾರ, ಭಾವ ಜ್ವರ ಬಂದು ಮಲಗಿದರು. ಮಲಗಿದಲ್ಲೇ ಒಂದು ಉಪಾಯ ಹೊಳೆಯಿತು. "ಅವನು ಇನ್ನು ಬರೋದೇ ಇಲ್ಲ. ನಾನು ಹೋಗದಿದ್ರೆ ಅವನೂ ಹೋಗಲ್ಲವಲ್ಲ! ಒಂದಿನ ಕಾದು, 'ಹೆದರಿ ಓಡಿಹೋದ' ಅಂತ ಬರೆದುಕೊಟ್ರೆ ಆಯ್ತು" ಎಂದರು. ನನಗೂ ಸರಿ ಅನ್ನಿಸಿತು. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ.

ಭಾನುವಾರ ಬೆಳಿಗ್ಗೆ ಐದಕ್ಕೇ ಸಮಿತಿ ಹೊಂಚು ಹಾಕಿತು. ಸ್ಟೇಷನ್ ಮಾಸ್ಟರ್ ಒಂದನೇ ಅಡ್ಡರಸ್ತೆ, ಕ್ಷೌರದವನು ಪಾರ್ಕು, ಕಿರಾಣಿಯವನು ಟ್ಯಾಂಕು. ಅಧ್ಯಕ್ಷರಿಗೆ ಗೌರವದ ಜಾಗ ಬೇಕೆಂದು ಭಾವನನ್ನು ನೀಲಿ ಗೇಟಿನ ಎದುರು ನಿಲ್ಲಿಸಿದರು. ನನಗೆ ಪಕ್ಕದ ವಿದ್ಯುತ್ ಕಂಬದ ಮರೆ.

ಐದೂವರೆ ಆಯಿತು. ಯಾರೂ ಬರಲಿಲ್ಲ, ಬರುವುದಾದರೂ ಹೇಗೆ? ಚಳಿ ಗಾಳಿ ಬೀಸಿತು. ಭಾವ ಒಂದು ಸೀನು ಸೀನಿ, ಜೇಬಿನಿಂದ ಟೋಪಿ ತೆಗೆದು ಕಿವಿಗೆ ಎಳೆದುಕೊಂಡರು. ಆಮೇಲೆ ಮಫ್ಲರ್ ಸುತ್ತಿದರು. ಆಮೇಲೆ ಗೇಟನ್ನೇ ನೋಡುತ್ತಾ ನಿಂತರು. ಪುಸ್ತಕದಲ್ಲಿ ಒಂದೇ ಒಂದು ಅಳತೆ ಬಾಕಿಯಿತ್ತು: ತೋಳಿನ ಬಾಯಿ, ಅಂದರೆ ಕತ್ತರಿಸುವ ಮೇಜು ಈ ಗೇಟಿನಲ್ಲಿ ಹೋಗುತ್ತದೋ ಇಲ್ಲವೋ. ಅವರ ಕೈ ತನ್ನಷ್ಟಕ್ಕೇ ಜೇಬಿಗೆ ಹೋದದ್ದು ನನಗೆ ಕಂಡಿತು.

"ಭಾವ, ಬೇಡ" ಎಂದು ಪಿಸುಗುಟ್ಟಿದೆ.

"ಒಂದೇ ನಿಮಿಷ ಕಣೋ" ಎಂದು ಬಗ್ಗಿ ಟೇಪು ಹಿಡಿದರು. "ಮೂರು ಅಡಿ..."

ಪೀಂ ಎಂದು ಸೀಟಿ! "ಸಿಕ್ಕಿದ! ಸಿಕ್ಕಿದ!" ನಾಲ್ಕೂ ಕಡೆಯಿಂದ ಕಾಲುಗಳು ಓಡಿ ಬಂದವು. ಕ್ಷೌರದವನು ಹಿಂದಿನಿಂದ ತಬ್ಬಿ ಹಿಡಿದ, ಕಿರಾಣಿಯವನು ಮೇಲೆ ಗೋಣಿಚೀಲ ಹಾಕಿದ. ಸ್ಟೇಷನ್ ಮಾಸ್ಟರ್ ಸುತ್ತಲೂ ನೋಡುತ್ತಾ, "ಅಧ್ಯಕ್ಷರೇ! ಹಿಡಿದ್ವಿ! ಅಧ್ಯಕ್ಷರೆಲ್ಲಿ? ಯಾರಾದ್ರೂ ಟೇಲರ್ ಸಾರ್‌ಗೆ ಹೇಳ್ರಪ್ಪ!" ಎಂದು ಕೂಗಿದರು.

"ಇಲ್ಲೇ ಇದೀನಿ" ಎಂದಿತು ಗೋಣಿಚೀಲ.

ಚೀಲ ತೆಗೆದರು, ಟೋಪಿ ತೆಗೆದರು. ಭಾವನ ಮುಖ ಹೊರಬಂತು. ಆಮೇಲೆ ಕ್ಷೌರದವನ ಕಣ್ಣು ಅರಳಿತು. "ನೋಡಿದ್ರಾ! ಆ ಕಳ್ಳನ ಕೈಯಿಂದ ಟೇಪು, ಟೋಪಿ, ಮಫ್ಲರ್ ಎಲ್ಲಾ ಕಿತ್ಕೊಂಡಿದಾರೆ! ಒಬ್ಬರೇ!"

"ಭಲೇ ಟೇಲರ್ ಸಾರ್! ಯಾವ ಕಡೆ ಓಡಿದ ಅವನು?" ಎಂದರು ಸ್ಟೇಷನ್ ಮಾಸ್ಟರ್.

ಗಲಾಟೆಗೆ ನೀಲಿ ಗೇಟು ತೆರೆದು ಟೀಚರಮ್ಮ ಸ್ವೆಟರ್ ಹಾಕಿಕೊಂಡು ಹೊರಗೆ ಬಂದಿದ್ದರು. ನಾನು ಭಾವನ ತೋಳು ಚಿವುಟಿದೆ. "ಸುಮ್ಮನೆ ಕೈ ತೋರಿಸಿಬಿಡಿ. ಮನೆ ಸಿಕ್ಕಿತು ಅಂತಾನೇ ಲೆಕ್ಕ."

ಭಾವ ಕೈ ಎತ್ತಿದರು. ಗಾಳಿಯಲ್ಲಿ ಅರ್ಧ ಸುತ್ತು ಬಂದ ಕೈ ಅಲ್ಲೇ ನಿಂತಿತು.

"ಇಲ್ಲ. ಸುಳ್ಳು ಅಳತೆಗೆ ಹೊಲಿದ ಕೋಟು ಒಂದಿನವೂ ಕೂರಲ್ಲ. ಆ ಟೇಪಿನವನು ನಾನೇ. ನಿಮ್ಮ ಬೀದಿಯೋನೂ ಅಲ್ಲ ನಾನು. ಹಿಂದೆ ಎಲ್ಲೂ ನನ್ನ ಮನೆ ಇಲ್ಲ. ಇಲ್ಲಿ ಮನೆ ಕೊಳ್ಳೋಣ ಅಂತ, ಮೊದಲು ಹಾಕಿ ನೋಡ್ತಿದ್ದೆ" ಎಂದು ಅಳತೆ ಪುಸ್ತಕ ತೆಗೆದು ಮುಂದೆ ಹಿಡಿದರು.

"ನಾಲ್ಕು ಸಲ! ನಾಲ್ಕು ಸಲ ನನ್ನ ಕುರ್ಚಿಯಲ್ಲಿ ಕೂತು ನನ್ನ ಬಾಯಿ ಬಿಡಿಸಿದ್ರಲ್ಲ!" ಎಂದು ಕ್ಷೌರದವನು ಕೂಗಿದ. ಎರಡನೇ ಅಡ್ಡರಸ್ತೆಯವರು ಹದಿನೈದು ದಿನದ ನಿದ್ದೆಯ ಲೆಕ್ಕ ಕೇಳಿದರು. ನಾನು ಮನಸ್ಸಿನಲ್ಲೇ ಸೈಕಲ್ಲನ್ನು ಅರ್ಧ ಕೋಣೆಯಿಂದ ಹೊರಗೆ ಹಾಕಿ, ಅಕ್ಕನಿಗೆ ಜಾಗ ಮಾಡಿದೆ.

ಟೀಚರಮ್ಮ ಪುಸ್ತಕ ಕೈಗೆ ತಗೊಂಡರು. ಕನ್ನಡಕ ಏರಿಸಿ ಓದತೊಡಗಿದರು. ಕುತ್ತಿಗೆ, ಭುಜ, ಸೊಂಟ ಮುಗಿದು ಕೊನೆಯ ಪುಟ ಬಂತು. ಅದರ ತಲೆಗೆ 'ಒಳಹೊಲಿಗೆ' ಎಂದು ಬರೆದಿತ್ತು. ಆ ಪುಟ ನಾನೂ ನೋಡಿರಲಿಲ್ಲ. ಟೀಚರಮ್ಮ ಜೋರಾಗಿ ಓದಿದರು.

"ಕ್ಷೌರದವರು: ಬಾಯಿ ಜಾಸ್ತಿ. ಆದರೆ ಕಣ್ಣು ಕಾಣದ ಅಜ್ಜ ಬಂದರೆ ಮಾತು ನಿಲ್ಲಿಸಿ ಕೈ ಹಿಡಿದು ಕೂರಿಸುತ್ತಾರೆ. ಸ್ಟೇಷನ್ ಮಾಸ್ಟರ್: ಕಸದ ಗಾಡಿ ಬರುವ ಮುಂಚೆ, ಮಂಡಿನೋವಿನವರ ಮನೆಯ ಕಸದ ಡಬ್ಬ ತಾವೇ ಹೊತ್ತು ತಂದಿಡುತ್ತಾರೆ. ಯಾರಾದರೂ ಕಂಡರೆ ಸೀಟಿ ಒರೆಸುವ ಹಾಗೆ ನಟಿಸುತ್ತಾರೆ. ಕಿರಾಣಿಯವರು: ತಕ್ಕಡಿ ನೇರ. ನೀಲಿ ಗೇಟಿನವರು: ಕಿಟಕಿಯಿಂದ ಎಲ್ಲ ನೋಡುತ್ತಾರೆ. ಮಕ್ಕಳ ಚೆಂಡು ಒಳಗೆ ಬಿದ್ದರೆ ಬಯ್ಯುತ್ತಾ ವಾಪಸ್ ಎಸೆಯುತ್ತಾರೆ. ಷರಾ: ಬಟ್ಟೆ ಬಹಳ ಒಳ್ಳೆಯದು. ದರ್ಜಿಗೆ ಹೊಂದುತ್ತದೆ. ದರ್ಜಿ ಬಟ್ಟೆಗೆ ಹೊಂದುತ್ತಾನೋ ಇಲ್ಲವೋ ಗೊತ್ತಾಗುತ್ತಿಲ್ಲ."

ಸ್ಟೇಷನ್ ಮಾಸ್ಟರ್ ಸೀಟಿ ಒರೆಸತೊಡಗಿದರು. ಕ್ಷೌರದವನು ಕೆಳಗೆ ನೋಡಿದ. ನನಗೆ ಭಾವನ ಬಗ್ಗೆ ಮೊದಲ ಸಲ ಹೆಮ್ಮೆಯಾಯಿತು; ಜೊತೆಗೆ, ಭುಜ ಅನ್ನಿಸಿಕೊಂಡ ನನ್ನ ಒಳಹೊಲಿಗೆ ಹೇಗೆ ಬರೆದಿದ್ದಾರೋ ಎಂದು ಕುತೂಹಲವೂ ಆಯಿತು.

"ಶುಕ್ರವಾರ ಯಾಕೆ ಬಂದಿರ್ಲಿಲ್ಲ?" ಎಂದರು ಟೀಚರಮ್ಮ.

"ಜ್ವರ ಇತ್ತು, ಟೀಚರ್" ಎಂದರು ಭಾವ, ಕೈಕಟ್ಟಿಕೊಂಡು.

"ಮೂವತ್ತೈದು ವರ್ಷ ಹಾಜರಿ ತಗೊಂಡವಳು ನಾನು. ಈ ಬೀದಿಗೆ ದಿನಾ ಯಾರು ಬರ್ತಾರೆ, ಯಾರು ಬರಲಿಲ್ಲ, ಎಲ್ಲಾ ಗೊತ್ತು. ಅವತ್ತು ಸಂಜೆ ಕ್ಷೌರದವನು ನನ್ನ ಗೇಟಿಗೆ ಬಂದು 'ಟೇಲರ್ ಸಾರ್ ಕಾಣಲಿಲ್ಲ' ಅಂದ. ಕಿರಾಣಿಯವನೂ ಕೇಳಿದ. ನೆಟ್ ಹಿಡ್ಕೊಂಡು ಮಕ್ಕಳು ಬಂದ್ರು. ಒಂದಿನ ಬರದಿದ್ರೆ ನಾಲ್ಕು ಜನ ಕೇಳ್ತಾರೆ ಅಂದ್ಮೇಲೆ ಇನ್ನೇನ್ರೀ ಹೊಂದಬೇಕು?" ಟೀಚರಮ್ಮ ಪುಸ್ತಕ ಮುಚ್ಚಿದರು. "ಗೇಟಿನ ಮೇಲಿನ ಗೆರೆಗಳನ್ನೆಲ್ಲ ನೀವೇ ಒರೆಸಿ. ಆಮೇಲೆ ನಿಮ್ಮನ್ನ ಹೊರಗೆ ಹಾಕಿದ ಆ ಮಹರಾಯಿತಿನ ಕರ್ಕೊಂಡು ಬನ್ನಿ. ಅವಳ ಜೊತೆ ಮಾತಾಡ್ತೀನಿ."

ಮಾತುಕತೆ ಮೂರು ಮಾತಿನಲ್ಲಿ ಮುಗಿಯಿತು. ಅಕ್ಕನೂ ಟೀಚರಮ್ಮನೂ ಒಂದೇ ಜಾತಿಯ ಹೆಂಗಸರು.

ತಿಂಗಳ ಕೊನೆಯ ದಿನ ಸಾಮಾನು ಬಂತು. ಪಾತ್ರೆ ಹೋಯಿತು, ಮಂಚ ಹೋಯಿತು, ಮಿಷನ್ ಹೋಯಿತು. ಕತ್ತರಿಸುವ ಮೇಜು ಮಾತ್ರ ನೀಲಿ ಗೇಟಿನಲ್ಲಿ ಸಿಕ್ಕಿಕೊಂಡಿತು. ಉದ್ದಕ್ಕೆ ಹಿಡಿದರು, ಅಡ್ಡಕ್ಕೆ ಹಿಡಿದರು, ಓರೆ ಮಾಡಿದರು. ಎರಡು ಬೆರಳು ಜಾಸ್ತಿ.

"ಇಡೀ ಬಡಾವಣೆ ಅಳೆದ್ರಲ್ಲ ಸಾರ್, ಇದನ್ನ ಅಳೀಲಿಲ್ವಾ?" ಎಂದ ಕಿರಾಣಿಯವನು.

"ಅಳೀತಿದ್ದೆ. ನೀವು ಗೋಣಿಚೀಲ ಹಾಕಿದ್ರಿ" ಎಂದರು ಭಾವ.

ಕಾಂಪೌಂಡಿನ ಮೇಲಿಂದ ಎತ್ತುವುದೆಂದು ತೀರ್ಮಾನವಾಯಿತು. ನಾಲ್ಕೂ ಅಡ್ಡರಸ್ತೆಗಳಿಂದ ಹನ್ನೆರಡು ಜನ ಬಂದು ಮೇಜನ್ನು ತಲೆಯ ಮೇಲೆ ಹೊತ್ತರು. ಹೊತ್ತ ಮೇಲೆ ಅವರಿಗೆ ಕಾಣುತ್ತಿದ್ದದ್ದು ತಮ್ಮ ತಮ್ಮ ಕಾಲು ಮಾತ್ರ. ಸ್ಟೇಷನ್ ಮಾಸ್ಟರ್ ಸೀಟಿ ಊದಿದರು. ಮೇಜಿನಡಿಯಿಂದ ಕ್ಷೌರದವನು ಕೇಳಿದ. "ಟೇಲರ್ ಸಾರ್, ಯಾವ ಕಡೆ?"

ಒಂದು ತಿಂಗಳ ಅಭ್ಯಾಸ. ಭಾವನ ಕೈ ಗಾಳಿಯಲ್ಲಿ ಸುತ್ತಿತು. "ಅಲ್ಲೇ... ಹಿಂದೆ."

ಮೇಜು ಹಿಂದೆ ಹೊರಟಿತು. ಎರಡನೇ ಅಡ್ಡರಸ್ತೆ ದಾಟಿತು, ಮೂರನೆಯದು ದಾಟಿತು, ನೀರಿನ ಟ್ಯಾಂಕಿನ ಕಡೆಗೆ ಇಪ್ಪತ್ತನಾಲ್ಕು ಕಾಲುಗಳಲ್ಲಿ ಗಂಭೀರವಾಗಿ ನಡೆಯಿತು. ಭಾವ ಏನು ತಪ್ಪಾಯಿತೆಂದು ತಿಳಿಯದೆ ಅದರ ಹಿಂದೆಯೇ ಹೋದರು.

ಅಕ್ಕ ಪೊರಕೆ ಹಿಡಿದುಕೊಂಡೇ ಬೀದಿಗೆ ಓಡಿಬಂದಳು. ಅವಳು ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

"ರೀ, ಇಲ್ಲಿ! ಇಲ್ಲಿ ಬನ್ರೀ! ನಮ್ಮನೆ ಇಲ್ಲಿ!"

ಮೇಜು ನಿಂತಿತು. ಹನ್ನೆರಡು ತಲೆಗಳು ಅದರಡಿಯಿಂದ ಹೊರಗೆ ಬಂದು ನೀಲಿ ಗೇಟಿನ ಕಡೆ ತಿರುಗಿದವು. ಕಿಟಕಿಗಳಲ್ಲೂ ಜನ ಬಂದು ನೋಡಿದರು. ಹಿಂದೆ ಎಲ್ಲೋ ಇದ್ದ ಟೇಲರ್ ಸಾರ್ ಮನೆ ಯಾವುದೆಂದು ಆ ಬಡಾವಣೆಗೆ ಗೊತ್ತಾದದ್ದು ಅವತ್ತೇ. ಭಾವನಿಗೂ ಅವತ್ತೇ ಗೊತ್ತಾಯಿತು ಎಂದು ಕಾಣುತ್ತದೆ. ಬೀದಿಯ ಆ ತುದಿಯಲ್ಲಿ ನಿಂತು, ಅವರು ಮೊದಲ ಸಲ ಕೈಯನ್ನು ನೆಟ್ಟಗೆ ಚಾಚಿ ಗೇಟು ತೋರಿಸಿದರು.